ಪುಟ ವಿನ್ಯಾಸ ಮೊದಲ ಸಲ ಕಲಿಸುವವರಿಗೆ: ಕಾಗದ ಮಡಚುವಲ್ಲಿಂದ ಪ್ರೆಸ್ಸಿನ ಬಾಗಿಲ ತನಕ

ಶಿರಸಿ ಪೇಟೆಯಲ್ಲಿ ಹದಿನೈದು ವರ್ಷ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಜೋಡಿಸುವ ಕೆಲಸ ಮಾಡಿದವಳು ನಾನು. ಈಗ ಊರಲ್ಲೇ ಇದ್ದೇನೆ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಒಂದು ಸಣ್ಣ ಕ್ಲಾಸ್ ನಡೆಸುತ್ತೇನೆ. ಈ ಸಲ ಆರು ಜನ. ಹಲಸಿನ ಹಪ್ಪಳ ಮಾಡಿ ಮಾರುವ ಸ್ತ್ರೀಶಕ್ತಿ ಸಂಘದವರು ಇಬ್ಬರು, ತಾಳಮದ್ದಳೆ ಕೂಟದ ಕರಪತ್ರ ಮಾಡುವ ಹುಡುಗ ಒಬ್ಬ, ನಿವೃತ್ತ ಮಾಸ್ತರು ಒಬ್ಬರು, ಕಾಲೇಜಿಗೆ ಹೋಗುವವರು ಇಬ್ಬರು. ಲ್ಯಾಪ್‌ಟಾಪ್ ಮೂರೇ.

ಮೊದಲ ಬ್ಯಾಚಿನಲ್ಲಿ ನಾನು ಮಾಡಿದ ತಪ್ಪು ಮೊದಲೇ ಹೇಳಿಬಿಡುತ್ತೇನೆ. ಫೈಲ್ ಮೆನುವಿನಿಂದ ಶುರು ಮಾಡಿ ಒಂದೊಂದೇ ಮೆನು ಕಲಿಸಿದೆ. ಎಲ್ಲರೂ ನೋಟ್‌ಬುಕ್ಕಿನಲ್ಲಿ ಚಂದ ಬರೆದುಕೊಂಡರು. ಮೂರನೇ ವಾರಕ್ಕೆ ಅರ್ಧ ಜನ ಇರಲಿಲ್ಲ. ಹಪ್ಪಳದ ಲೇಬಲ್ ಬೇಕಾದವರಿಗೆ ಎಡಿಟ್ ಮೆನುವಿನ ಇಪ್ಪತ್ತು ಸಾಲು ಯಾಕೆ ಬೇಕು ಹೇಳಿ? ಈಗ ಸೇರುವಾಗಲೇ ಕೇಳುತ್ತೇನೆ: ನಿಮಗೆ ಅಚ್ಚು ಹಾಕಿಸಬೇಕಾದ್ದು ಏನಿದೆ? ಏನೂ ಇಲ್ಲ ಅಂದವರಿಗೆ ಪಕ್ಕದ ಮನೆಯವರ ಒಂದು ಕೆಲಸ ಹುಡುಕಿ ಕೊಡುತ್ತೇನೆ. ಆ ಒಂದು ಕೆಲಸ ಮುಗಿಸಲು ಎಷ್ಟು ಬೇಕೋ ಅಷ್ಟೇ ಪಾಠ. ಉಳಿದ ಮೆನುಗಳನ್ನು ಅವರೇ ಆಮೇಲೆ ತಡಕಾಡಿ ಕಲಿಯುತ್ತಾರೆ.

ಪಾಠಕ್ಕಿಂತ ಮೊದಲು

ಯಾವ ಸಾಫ್ಟ್‌ವೇರ್ ಅನ್ನುವುದು ಮೊದಲ ಪ್ರಶ್ನೆ. ನಮ್ಮ ಕಾಲದವರ ಕೈ ಪಳಗಿದ್ದು ಪೇಜ್‌ಮೇಕರ್‌ನಲ್ಲಿ. 1985ರಲ್ಲಿ ಆಲ್ಡಸ್ ಕಂಪನಿ ಅದನ್ನು ತಂದಿತು, 1994ರಲ್ಲಿ ಕಂಪನಿಯೇ ಅಡೋಬಿ ಪಾಲಾಯಿತು. 2001ರ 7.0 ಅದರ ಕೊನೆಯ ದೊಡ್ಡ ಆವೃತ್ತಿ. ಹಳೆಯ ಪ್ರೆಸ್‌ಗಳಲ್ಲಿ ಇವತ್ತೂ ಓಡುತ್ತಿದೆ. ಆದರೆ ಹೊಸಬರಿಗೆ ಅದನ್ನು ಕಲಿಸಬೇಡಿ. ಈಗಿನ ಮೊಬೈಲ್, ಕಂಪ್ಯೂಟರ್‌ಗಳು ಕನ್ನಡ ಬರೆಯಲು ಬಳಸುವ ಯೂನಿಕೋಡ್ ಸಂಕೇತ ಅದಕ್ಕೆ ಗೊತ್ತಿಲ್ಲ. ವಾಟ್ಸಾಪ್‌ನಲ್ಲಿ ಬಂದ ಕನ್ನಡ ಅದರೊಳಗೆ ಇಳಿಯುವುದೇ ಇಲ್ಲ. ಇನ್‌ಡಿಸೈನ್ ಒಳ್ಳೆಯದು, ಆದರೆ ಅದಕ್ಕೆ ಚಂದಾ ಕಟ್ಟುತ್ತಲೇ ಇರಬೇಕು. ಹಪ್ಪಳದ ಸಂಘ ಅಷ್ಟು ಕೊಡುವುದುಂಟೇ? ನಾನು ಸ್ಕ್ರೈಬಸ್ ಕಲಿಸುತ್ತೇನೆ. ಪೂರ್ತಿ ಉಚಿತ, ವಿಂಡೋಸ್‌ಗೂ ಲಿನಕ್ಸ್‌ಗೂ ಸಿಗುತ್ತದೆ. ಒಂದೇ ಎಚ್ಚರಿಕೆ: 1.6 ಅಥವಾ ಅದಕ್ಕಿಂತ ಹೊಸತನ್ನು ಹಾಕಿ. 1.4ರಲ್ಲಿ ಕನ್ನಡದ ಒತ್ತುಗಳು ಕೆಳಗೆ ಕೂರದೆ ಪಕ್ಕದಲ್ಲಿ ಸಾಲಾಗಿ ನಿಂತುಬಿಡುತ್ತವೆ.

ಇನ್‌ಸ್ಟಾಲ್ ಮಾಡುವುದನ್ನು ಕ್ಲಾಸಿನಲ್ಲಿ ಇಟ್ಟುಕೊಳ್ಳಬೇಡಿ. ನಮ್ಮ ಕಡೆ ನೆಟ್ ಬಂದರೆ ಕರೆಂಟ್ ಇಲ್ಲ, ಕರೆಂಟ್ ಬಂದರೆ ನೆಟ್ ಇಲ್ಲ. ಪೆನ್‌ಡ್ರೈವ್‌ನಲ್ಲಿ ಸಾಫ್ಟ್‌ವೇರ್ ಮತ್ತು ಫಾಂಟ್ ಎರಡನ್ನೂ ತುಂಬಿಕೊಂಡು, ಹಿಂದಿನ ದಿನವೇ ಎಲ್ಲ ಯಂತ್ರಕ್ಕೂ ಹಾಕಿಡಿ. ಫಾಂಟ್ ಎಲ್ಲ ಕಡೆ ಒಂದೇ ಇರಲಿ. ನಾನು ನೋಟೋ ಸೆರಿಫ್ ಕನ್ನಡ, ನೋಟೋ ಸ್ಯಾನ್ಸ್ ಕನ್ನಡ, ಶೀರ್ಷಿಕೆಗೆ ಬಲೂ ತಮ್ಮ, ಈ ಮೂರೇ ಕೊಡುತ್ತೇನೆ. ಮೂರೂ ಉಚಿತ. ಹತ್ತು ಫಾಂಟ್ ಕೊಟ್ಟರೆ ಹತ್ತನ್ನೂ ಒಂದೇ ಪುಟದಲ್ಲಿ ಹಾಕುತ್ತಾರೆ.

ಹಾಕಿದ ಮೇಲೆ ಪ್ರತಿ ಲ್ಯಾಪ್‌ಟಾಪ್‌ನಲ್ಲೂ ಈ ಸಾಲು ಟೈಪ್ ಮಾಡಿ ನೋಡಿ: ಸ್ತ್ರೀ, ಶ್ರೀ, ಕ್ಷೇತ್ರ, ಜ್ಞಾನ, ಅರ್ಥ, ಕೃಷ್ಣ, ರ‍್ಯಾಂಕ್. ಏಳೂ ಸರಿ ಕಂಡರೆ ಆ ಯಂತ್ರ ಪಾಸ್. 'ಅರ್ಥ'ದ ಅರ್ಕಾವೊತ್ತು ಜಾಗ ಬಿಟ್ಟು ಕುಳಿತಿದ್ದರೆ, 'ಸ್ತ್ರೀ' ಮೂರು ತುಂಡಾಗಿದ್ದರೆ, ಆವೃತ್ತಿ ಹಳತು ಅಥವಾ ಫಾಂಟ್ ಸರಿಯಿಲ್ಲ. ಇನ್‌ಡಿಸೈನ್ ಇಟ್ಟುಕೊಂಡವರಿಗೂ ಈ ತೊಂದರೆ ಬರುತ್ತದೆ. ಅವರು ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿಕೊಂಡರೆ ಒತ್ತು ತನ್ನ ಜಾಗಕ್ಕೆ ಬರುತ್ತದೆ.

ಮೊದಲ ದಿನ ಕಂಪ್ಯೂಟರ್ ಮುಚ್ಚಿಡಿ

ಇದಕ್ಕೆ ಎಲ್ಲರೂ ಮುಖ ಸಣ್ಣ ಮಾಡುತ್ತಾರೆ. ಪರವಾಗಿಲ್ಲ. ಒಬ್ಬೊಬ್ಬರಿಗೂ ಒಂದು ಸ್ಕೇಲ್, ಪೆನ್ಸಿಲ್, ನಾಲ್ಕು ಎ4 ಹಾಳೆ ಕೊಡಿ. ಮನೆಯಿಂದ ಒಂದು ಲಗ್ನಪತ್ರಿಕೆ, ಒಂದು ಯಕ್ಷಗಾನದ ಕರಪತ್ರ, ಒಂದು ಪಂಚಾಂಗ ತರಲು ಹೇಳಿರಬೇಕು. ಅಳೆಯಲಿ. ಕಾಗದದ ಉದ್ದ ಎಷ್ಟು, ಅಗಲ ಎಷ್ಟು, ಅಂಚಿನಿಂದ ಅಕ್ಷರದ ತನಕ ಎಷ್ಟು ಬಿಟ್ಟಿದ್ದಾರೆ, ಎರಡು ಕಾಲಂ ನಡುವೆ ಎಷ್ಟು ಜಾಗ, ದೊಡ್ಡ ಅಕ್ಷರ ಎಷ್ಟು ಎತ್ತರ. ಎ4 ಅಂದರೆ 210 ಗುಣಿಸು 297 ಮಿಲಿಮೀಟರ್, ಅದನ್ನು ಅರ್ಧಕ್ಕೆ ಮಡಚಿದರೆ ಎ5, 148 ಗುಣಿಸು 210. ಇದನ್ನು ಬೋರ್ಡಿನ ಮೇಲೆ ಬರೆದರೆ ಮರೆಯುತ್ತಾರೆ. ಕೈಯಾರೆ ಮಡಚಿ ಅಳೆದರೆ ಮರೆಯುವುದಿಲ್ಲ.

ನಮ್ಮ ಮಾಸ್ತರು ತಂದ ಲಗ್ನಪತ್ರಿಕೆ ಮೂವತ್ತು ವರ್ಷ ಹಳೆಯದು, ಒಂದೊಂದೇ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕಿದ್ದು. ಹಿಂಬದಿ ಬೆರಳಾಡಿಸಿದರೆ ಅಕ್ಷರ ಕೈಗೆ ಸಿಗುತ್ತದೆ. ಅದನ್ನು ಅಳೆದು ಅವರು ಹೇಳಿದರು, "ತಂಗೀ, ಇದರಲ್ಲಿ ಸುತ್ತ ಎರಡು ಸೆಂಟಿಮೀಟರ್ ಖಾಲಿ ಬಿಟ್ಟಿದ್ದಾರಲ್ಲ. ಈಗಿನವರು ಅಲ್ಲೂ ಹೂ ತುಂಬುತ್ತಾರೆ." ಅಂಚು ಅಂದರೆ ಏನು ಅಂತ ಆಮೇಲೆ ನಾನು ಹೇಳಬೇಕಾಗಲಿಲ್ಲ.

ನಂತರ ಎರಡು ಎ4 ಹಾಳೆ ಒಂದರೊಳಗೊಂದು ಇಟ್ಟು ಮಡಚಿಸಿ. ಎಂಟು ಪುಟದ ಪುಟ್ಟ ಪುಸ್ತಕ ಆಯಿತು. 1ರಿಂದ 8ರ ತನಕ ಪುಟಸಂಖ್ಯೆ ಬರೆಯಲಿ. ಈಗ ಬಿಚ್ಚಿ ನೋಡಲು ಹೇಳಿ. ಹೊರಗಿನ ಹಾಳೆಯ ಒಂದು ಬದಿಯಲ್ಲಿ 8 ಮತ್ತು 1 ಅಕ್ಕಪಕ್ಕ, ಇನ್ನೊಂದು ಬದಿಯಲ್ಲಿ 2 ಮತ್ತು 7. ಒಳ ಹಾಳೆಯಲ್ಲಿ 6 ಮತ್ತು 3, 4 ಮತ್ತು 5. ಎಲ್ಲರಿಗೂ ಒಂದು ಕ್ಷಣ ತಲೆ ತಿರುಗುತ್ತದೆ. ಪಿನ್ ಹೊಡೆಯುವ ಪುಸ್ತಕಕ್ಕೆ ಪುಟ ಯಾವಾಗಲೂ ನಾಲ್ಕರ ಲೆಕ್ಕದಲ್ಲೇ ಬರಬೇಕು ಅನ್ನುವುದು ಇಲ್ಲೇ ತಿಳಿಯುತ್ತದೆ. ಇಲ್ಲವಾದರೆ ಹತ್ತು ಪುಟದ ಸ್ಮರಣ ಸಂಚಿಕೆ ಮಾಡಿಕೊಂಡು ಬಂದು, ಉಳಿದ ಎರಡು ಪುಟಕ್ಕೆ ಜಾಹೀರಾತು ಹುಡುಕುತ್ತಾ ಅಲೆಯುತ್ತಾರೆ.

ಕೊನೆಗೆ ಅವರ ಸ್ವಂತ ಕೆಲಸದ ನಕ್ಷೆ ಪೆನ್ಸಿಲ್ಲಿನಲ್ಲಿ. ಶೀರ್ಷಿಕೆ ಇರುವಲ್ಲಿ ಒಂದು ಚೌಕ, ಫೋಟೋ ಇರುವಲ್ಲಿ ಅಡ್ಡ ಗೀಟು ಹಾಕಿದ ಚೌಕ, ಬರಹ ಇರುವಲ್ಲಿ ಸಾಲು ಗೀಟು. ಚಂದ ಬೇಡ, ಅಳತೆ ಬೇಕು. ಈ ಹಾಳೆಯನ್ನು ಜೋಪಾನ ಇಟ್ಟುಕೊಳ್ಳಲಿ. ಮುಂದಿನ ನಾಲ್ಕು ವಾರ ಇದೇ ಪಠ್ಯಪುಸ್ತಕ.

ಅಕ್ಷರ ಇರುವುದು ಪೆಟ್ಟಿಗೆಯಲ್ಲಿ

ಎರಡನೇ ವಾರ ಸ್ಕ್ರೈಬಸ್ ತೆರೆಯಿರಿ. ಹೊಸ ಡಾಕ್ಯುಮೆಂಟ್ ಕಿಟಕಿಯಲ್ಲಿ ಮೊದಲು ಅಳತೆಯ ಮಾನವನ್ನು ಮಿಲಿಮೀಟರ್‌ಗೆ ಬದಲಿಸಿ. ಪಾಯಿಂಟ್‌ನಲ್ಲೇ ಬಿಟ್ಟರೆ ಅವರ ಸ್ಕೇಲಿಗೂ ಪರದೆಗೂ ಸಂಬಂಧ ತಪ್ಪುತ್ತದೆ. ಒಂದು ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಭಾಗ. ಅದು ಅಕ್ಷರದ ಗಾತ್ರಕ್ಕೆ ಮಾತ್ರ ಇರಲಿ. ಎ5 ಆರಿಸಿ. ಅಂಚು ಸುತ್ತ 12 ಮಿಲಿಮೀಟರ್, ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಬಣ್ಣ ಚಾಚುವ ಜಾಗ) 3. ಬ್ಲೀಡ್ ಯಾಕೆ ಅಂತ ಈಗ ಹೇಳಬೇಡಿ, ಸುಮ್ನೆ ಹಾಕಿಸಿ. ಕತ್ತರಿ ಬರುವ ದಿನ ಹೇಳಿದರೆ ಸಾಕು.

ಈಗ ನಿಜವಾದ ತೊಡಕು. ವರ್ಡ್ ಬಳಸಿದವರು ಖಾಲಿ ಪುಟ ಕಂಡ ತಕ್ಷಣ ಟೈಪ್ ಮಾಡಲು ಶುರು ಮಾಡುತ್ತಾರೆ. ಏನೂ ಬರುವುದಿಲ್ಲ. ಅದಕ್ಕಿಂತ ಕಷ್ಟ, ಇಲ್ಲಿ ಕೆಲವು ಅಕ್ಷರ ಒತ್ತಿದರೆ ಬೇರೆ ಏನೋ ಉಪಕರಣ ಬರುತ್ತದೆ. ಹಪ್ಪಳದ ಸಂಘದ ಅಕ್ಕ ಒಬ್ಬರು ಹತ್ತು ನಿಮಿಷ ಕೀಬೋರ್ಡ್ ಕುಟ್ಟಿ ಕೊನೆಗೆ ಕೇಳಿದರು, "ಅಕ್ಕೋರೇ, ನಾ ಬರೆದದ್ದೆಲ್ಲ ಎಲ್ಲಿ ಹೋತು?"

ವರ್ಡ್‌ನಲ್ಲಿ ಬರಹ ಕಾಗದದ ಮೇಲೆ ಇರುತ್ತದೆ. ಇಲ್ಲಿ ಪೆಟ್ಟಿಗೆಯೊಳಗೆ ಇರುತ್ತದೆ, ಪೆಟ್ಟಿಗೆ ಕಾಗದದ ಮೇಲೆ ಇರುತ್ತದೆ. ಈ ಒಂದು ಮಾತು ತಲೆಗೆ ಹೋಗುವ ತನಕ ಮುಂದೆ ಹೋಗಬೇಡಿ. ಇದಕ್ಕೇ ಒಂದು ಪೂರ್ತಿ ಮಧ್ಯಾಹ್ನ ಕೊಡಿ. ಟಿ ಕೀ ಒತ್ತಿ, ಮೌಸ್ ಎಳೆದು ಒಂದು ಪೆಟ್ಟಿಗೆ ಮಾಡಲಿ. ಸರಿಸಲಿ, ಸಣ್ಣ ಮಾಡಲಿ, ಅಗಲ ಮಾಡಲಿ, ಅಳಿಸಲಿ. ಹೀಗೆ ಹತ್ತು ಸಲ. ಒಳಗೆ ಅಕ್ಷರವೇ ಬೇಡ. ಆಮೇಲೆ ಪೆನ್ಸಿಲ್ ನಕ್ಷೆಯಲ್ಲಿರುವ ಅಷ್ಟೂ ಚೌಕಗಳನ್ನು ಅದೇ ಅಳತೆಗೆ ಪರದೆಯ ಮೇಲೆ ಎಳೆಯಲಿ. ಪ್ರಾಪರ್ಟೀಸ್ ಕಿಟಕಿಯಲ್ಲಿ ಎಕ್ಸ್, ವೈ, ಅಗಲ, ಎತ್ತರ ಅಂತ ನಾಲ್ಕು ಸಂಖ್ಯೆ ಇರುತ್ತವೆ. ಸ್ಕೇಲಿನಲ್ಲಿ ಅಳೆದದ್ದನ್ನು ಅಲ್ಲೇ ಟೈಪ್ ಮಾಡಿಸಿ. ಕಣ್ಣಂದಾಜಿನಲ್ಲಿ ಎಳೆದದ್ದು ಪರದೆಯಲ್ಲಿ ನೆಟ್ಟಗೆ ಕಂಡರೂ ಅಚ್ಚಿನಲ್ಲಿ ಸೊಟ್ಟ ಕಾಣುತ್ತದೆ.

ಎಲ್ಲರ ಪೆಟ್ಟಿಗೆ ಸಿದ್ಧವಾದ ಮೇಲೆ ಬರಹ. ನೇರ ಪೆಟ್ಟಿಗೆಯೊಳಗೆ ಟೈಪ್ ಮಾಡಿಸಬೇಡಿ. ಮೊದಲು ನೋಟ್‌ಪ್ಯಾಡ್ ಅಥವಾ ಲಿಬ್ರೆ ಆಫೀಸ್‌ನಲ್ಲಿ ಬರೆದು, ಇನ್ನೊಬ್ಬರ ಹತ್ತಿರ ಓದಿಸಿ, ತಪ್ಪು ತಿದ್ದಿ, ಆಮೇಲೆ ತಂದು ಸುರಿಯಲಿ. ವಿನ್ಯಾಸ ಮಾಡುತ್ತಾ ಕಾಗುಣಿತ ತಿದ್ದಲು ಕೂತರೆ ಎರಡೂ ಕೆಡುತ್ತವೆ.

ಬರಹ ಜಾಸ್ತಿ, ಪೆಟ್ಟಿಗೆ ಸಣ್ಣ ಆದರೆ? ಪೆಟ್ಟಿಗೆಯ ಬಲ ಕೆಳಮೂಲೆಯಲ್ಲಿ ಅಡ್ಡ ಗೀಟು ಹಾಕಿದ ಸಣ್ಣ ಚೌಕ ಕಾಣುತ್ತದೆ. ಒಳಗೆ ಇನ್ನೂ ಬರಹ ಇದೆ, ಜಾಗ ಸಾಕಾಗಿಲ್ಲ ಅಂತ ಅರ್ಥ. ಆಗ ಮೊದಲ ಪೆಟ್ಟಿಗೆ ಆರಿಸಿ, ಎನ್ ಕೀ ಒತ್ತಿ, ಎರಡನೇ ಪೆಟ್ಟಿಗೆ ಕ್ಲಿಕ್ ಮಾಡಿದರೆ ಉಳಿದ ಬರಹ ಅಲ್ಲಿಗೆ ಹರಿಯುತ್ತದೆ. ತೋಟ ಇದ್ದವರಿಗೆ ನಾನು ಹೇಳುವುದು ಇಷ್ಟೇ: ಮಳೆಗಾಲದಲ್ಲಿ ಮೇಲಿನ ಕಾದಿಗೆ ತುಂಬಿ ನೀರು ಕೆಳಗಿನದಕ್ಕೆ ಇಳಿಯುತ್ತದಲ್ಲ, ಹಾಗೆ. ಮೇಲೆ ಒಂದು ಸಾಲು ಸೇರಿಸಿದರೆ ಕೆಳಗೆ ತಾನೇ ಜರಗುತ್ತದೆ.

ಆ ಸಣ್ಣ ಚೌಕದ ಬಗ್ಗೆ ಮತ್ತೆ ಮತ್ತೆ ಹೇಳಿ. ನಾನು ಹೊಸತಾಗಿ ಕೆಲಸಕ್ಕೆ ಸೇರಿದ ವರ್ಷ ಒಂದು ತಾಳಮದ್ದಳೆಯ ಕರಪತ್ರ ಮಾಡಿದ್ದೆ. ಕೊನೇ ಗಳಿಗೆಯಲ್ಲಿ ಭಾಗವತರ ಹೆಸರಿನ ಮುಂದೆ ಊರು ಸೇರಿಸಿ ಅಂದರು. ಸೇರಿಸಿದೆ. ಒಂದು ಸಾಲು ಕೆಳಗೆ ಹೋಯಿತು. ಕೊನೆಯ ಸಾಲು ಪೆಟ್ಟಿಗೆಯಿಂದ ಹೊರಬಿತ್ತು. ಆ ಸಾಲಿನಲ್ಲಿದ್ದದ್ದು ಮದ್ದಳೆಯವರ ಹೆಸರು. 500 ಪ್ರತಿ ಅಚ್ಚಾಗಿ ಊರೂರಿಗೆ ಹಂಚಿ ಆದ ಮೇಲೆ ಅವರೇ ಬಂದು ಕೇಳಿದರು, "ನಾನು ಬರಬೇಕೋ ಬೇಡವೋ?" ಅಂತ. ಈ ಕಥೆ ಹೇಳಿದ ಮೇಲೆ ಕ್ಲಾಸಿನಲ್ಲಿ ಯಾರೂ ಆ ಚೌಕ ಬಿಟ್ಟು ಮುಂದೆ ಹೋಗಿಲ್ಲ.

ಕನ್ನಡದ ತಕರಾರು

ನೆಟ್‌ನಲ್ಲಿ ಸಿಗುವ ಪಾಠಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಮಾಡಿದವು. ಕನ್ನಡಕ್ಕೆ ಅವು ಅರ್ಧ ಮಾತ್ರ ಹೊಂದುತ್ತವೆ. ದೊಡ್ಡ ವ್ಯತ್ಯಾಸ ಸಾಲಿನ ಅಂತರದಲ್ಲಿ. ಇಂಗ್ಲಿಷಿಗೆ 12 ಪಾಯಿಂಟ್ ಅಕ್ಷರಕ್ಕೆ 14 ಅಂತರ ಸಾಕು. ನಮಗೆ ಮೇಲೆ ಗುಡಿಸು, ಕೆಳಗೆ ಒತ್ತು, ಅಷ್ಟು ಸಾಲುವುದಿಲ್ಲ.

ಹಪ್ಪಳದ ಲೇಬಲ್ಲಿನಲ್ಲಿ ಇದು ಚಂದ ಗೊತ್ತಾಯಿತು. ಮೊದಲ ಸಾಲು 'ಸ್ತ್ರೀಶಕ್ತಿ ಸಂಘ', ಎರಡನೇ ಸಾಲು 'ಶಿರಸಿ ತಾಲೂಕು'. 'ಸ್ತ್ರೀ'ಯ ಕೆಳಗೆ ತ ಒತ್ತು, ರ ಒತ್ತು ಎರಡೂ ಇವೆ. ಅವು ಇಳಿದು ಬಂದು ಕೆಳಗಿನ 'ಶಿ'ಯ ತಲೆಗೆ ಕೂತವು. ಓದಿದರೆ 'ಶಿ' ಹೌದೋ ಬೇರೆ ಏನೋ ಎಂಬ ಹಾಗೆ. ಅಂತರವನ್ನು 14ರಿಂದ 16, 17, 18 ಅಂತ ಒಂದೊಂದೇ ಏರಿಸುತ್ತಾ ಹೋದೆವು. 18ಕ್ಕೆ ಇಬ್ಬರೂ ಬೇರೆ ಬೇರೆ ಆದರು. ನನ್ನ ಲೆಕ್ಕ: ಬರಹಕ್ಕೆ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇಟ್ಟು ಶುರು ಮಾಡಿ, ಆಮೇಲೆ ಕಣ್ಣಿಗೆ ಒಪ್ಪುವಷ್ಟು ಇಳಿಸಿ. ಫಾಂಟ್ ಬದಲಾದರೆ ಮತ್ತೆ ನೋಡಿ. ಶೀರ್ಷಿಕೆ ಎರಡು ಸಾಲು ಬಂದರೆ ಒತ್ತು ಇಲ್ಲದ ಪದವನ್ನು ಮೇಲಿನ ಸಾಲಿಗೆ ತರಲು ಆಗುತ್ತದಾ ನೋಡಿ. ಇದು ಮೊಳೆ ಜೋಡಿಸುತ್ತಿದ್ದ ಹಳೆಯ ಕಂಪೋಸಿಟರ್‌ಗಳ ಉಪಾಯ.

ಎರಡನೆಯದು, ಎರಡೂ ಬದಿ ಸಮ ಮಾಡುವ ಆಸೆ. ಜಸ್ಟಿಫೈ ಗುಂಡಿ ಕಂಡರೆ ಹೊಸಬರಿಗೆ ಕೈ ತಡೆಯುವುದಿಲ್ಲ. ಕನ್ನಡದ ಪದಗಳು ಉದ್ದ. 'ಕಾರ್ಯಕ್ರಮದಲ್ಲಿ ಭಾಗವಹಿಸಬೇಕಾಗಿ' ಅನ್ನುವುದು ಒಂದು ಸಣ್ಣ ಕಾಲಂನ ಪೂರ್ತಿ ಸಾಲು. ಸಮ ಮಾಡಿದರೆ ಎರಡು ಪದದ ನಡುವೆ ಗಾಡಿ ಹೋಗುವಷ್ಟು ಜಾಗ ಬಿಡುತ್ತದೆ. ಕಾಲಂ 7 ಸೆಂಟಿಮೀಟರ್‌ಗಿಂತ ಕಿರಿದಾದರೆ ಎಡಕ್ಕೆ ಮಾತ್ರ ಸಮ ಮಾಡಿಸಿ.

ಮೂರನೆಯದು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲ್‌ಗಳು. ಸಂಘದ ಹಳೇ ವರದಿ ತರುತ್ತಾರೆ, ಫಾಂಟ್ ಬದಲಿಸಿದ ತಕ್ಷಣ ಇಂಗ್ಲಿಷ್ ಅಕ್ಷರಕ್ಕೆ ಟೋಪಿ ಹಾಕಿದಂಥ ಏನೇನೋ ಕಾಣುತ್ತದೆ. ಫೈಲ್ ಕೆಟ್ಟಿಲ್ಲ. ಆ ಕಾಲದ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡರೆ ಆಯಿತು. ಆದರೆ ಪರಿವರ್ತನೆ ಆದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನೂ ಅಂಕಿಗಳನ್ನೂ ಒಂದು ಸಲ ಕಣ್ಣಿಟ್ಟು ಓದಿಸಿ. ತಪ್ಪು ಅಡಗಿಕೊಳ್ಳುವುದು ಅಲ್ಲೇ.

ಸ್ಟೈಲ್, ಮತ್ತೆ ಕಪ್ಪು ಬಣ್ಣ

ಸ್ಟೈಲ್ (ಗಾತ್ರ, ಬಣ್ಣ, ಅಂತರ ಎಲ್ಲ ಸೇರಿಸಿ ಹೆಸರಿಟ್ಟ ಒಂದು ನಮೂನೆ) ಕಲಿಸುವುದನ್ನು ಬೇಕೆಂದೇ ತಡ ಮಾಡಿ. ಮೊದಲು ಮೂರು ಉಪಶೀರ್ಷಿಕೆಗಳನ್ನು ಕೈಯಾರೆ ದಪ್ಪ ಮಾಡಿ, ಬಣ್ಣ ಹಾಕಿ, ಅಂತರ ಕೊಡಲಿ. ಆಮೇಲೆ ಸುಮ್ನೆ ಹೇಳಿ, "ಬಣ್ಣ ಬದಲಿಸೋಣ." ನಿಟ್ಟುಸಿರು ಕೇಳಿಸಿದಾಗ ಎಡಿಟ್ ಮೆನುವಿನ ಸ್ಟೈಲ್ಸ್ ತೆರೆದು ತೋರಿಸಿ. ಒಂದು ಕಡೆ ಬದಲಿಸಿದರೆ ಎಲ್ಲ ಕಡೆ ಬದಲಾಗುವುದನ್ನು ಕಂಡರೆ ಮತ್ತೆ ನೀವು ಒತ್ತಾಯ ಮಾಡುವ ಅಗತ್ಯವೇ ಇಲ್ಲ. ಮೂರು ಸ್ಟೈಲ್ ಸಾಕು: ಶೀರ್ಷಿಕೆ, ಉಪಶೀರ್ಷಿಕೆ, ಬರಹ.

ಬಣ್ಣದ ಬಗ್ಗೆ ಒಂದೇ ಪಾಠ. ಬರಹದ ಕಪ್ಪು ಬರೀ ಕಪ್ಪು ಶಾಯಿಯದ್ದಾಗಿರಬೇಕು. ನಾಲ್ಕು ಬಣ್ಣ ಬೆರೆಸಿದ ಕಪ್ಪು ಹಾಕಿದರೆ, ಒಂದೊಂದು ಬಣ್ಣಕ್ಕೂ ಒಂದೊಂದು ಇರುವ ಅಚ್ಚಿನ ಪ್ಲೇಟ್ ಕೂದಲೆಳೆಯಷ್ಟು ಜರುಗಿದರೂ ಸಣ್ಣ ಅಕ್ಷರದ ಸುತ್ತ ಕೆಂಪು ನೀಲಿ ನೆರಳು ಬರುತ್ತದೆ. ಸ್ಕ್ರೈಬಸ್‌ನ ಪಟ್ಟಿಯಲ್ಲಿ ಬ್ಲ್ಯಾಕ್ ಎಂದಿರುವುದನ್ನೇ ಆರಿಸಲಿ. ಪಕ್ಕದಲ್ಲಿ ರಿಜಿಸ್ಟ್ರೇಶನ್ ಅಂತ ಇನ್ನೊಂದು ಕಪ್ಪಿರುತ್ತದೆ, ಅದನ್ನು ಮುಟ್ಟಬಾರದು. ಕರಪತ್ರಕ್ಕಾದರೆ ಬಣ್ಣವೇ ಬೇಡ. ಗುಲಾಬಿ ಕಾಗದದ ಮೇಲೆ ಕಪ್ಪು ಶಾಯಿ, ನಮ್ಮ ಯಕ್ಷಗಾನದ ಕರಪತ್ರಕ್ಕೆ ಅದಕ್ಕಿಂತ ಲಕ್ಷಣ ಇನ್ನೇನಿದೆ?

ಫೋಟೋ

ಐ ಕೀ ಒತ್ತಿ ಚಿತ್ರದ ಪೆಟ್ಟಿಗೆ ಎಳೆಯುವುದು, ಬಲ ಕ್ಲಿಕ್ ಮಾಡಿ ಗೆಟ್ ಇಮೇಜ್ ಕೊಡುವುದು, ಇಷ್ಟು ಎರಡು ನಿಮಿಷದ ಪಾಠ. ಫೋಟೋ ಎಲ್ಲಿಂದ ಬಂತು ಅನ್ನುವುದೇ ಕಷ್ಟದ್ದು. ಅಚ್ಚಿಗೆ ಒಂದು ಇಂಚಿಗೆ 300 ಪಿಕ್ಸೆಲ್ ಇದ್ದರೆ ಚಂದ. ಮೊಬೈಲಿನ 4000 ಪಿಕ್ಸೆಲ್ ಅಗಲದ ಫೋಟೋ ಹದಿಮೂರು ಇಂಚಿನ ತನಕ ತಡೆಯುತ್ತದೆ. ಅದೇ ಫೋಟೋ ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಬಂದರೆ ಹೆಚ್ಚುಕಡಿಮೆ 1600ಕ್ಕೆ ಇಳಿದಿರುತ್ತದೆ. ಅಂದರೆ ಐದು ಇಂಚು ಚಿಲ್ಲರೆ. ಗುಂಪು ಫೋಟೋದಿಂದ ಒಬ್ಬರ ಮುಖ ಕತ್ತರಿಸಿದರೆ 400 ಪಿಕ್ಸೆಲ್ ಉಳಿದೀತು. ಒಂದೂಕಾಲು ಇಂಚಿಗಿಂತ ದೊಡ್ಡದು ಮಾಡಿದರೆ ಮುಖ ಮಂಜು. ಕಳಿಸುವವರಿಗೆ "ಡಾಕ್ಯುಮೆಂಟ್ ಮಾಡಿ ಕಳಿಸಿ" ಅಂತ ಹೇಳುವುದನ್ನು ಕಲಿಸಿ.

ಇನ್ನೊಂದು ಗುಟ್ಟು. ಫೋಟೋ ಫೈಲಿನೊಳಗೆ ಬಂದು ಕೂರುವುದಿಲ್ಲ, ಅದು ಎಲ್ಲಿದೆ ಅನ್ನುವುದನ್ನು ಮಾತ್ರ ಸ್ಕ್ರೈಬಸ್ ನೆನಪಿಟ್ಟುಕೊಳ್ಳುತ್ತದೆ. ಡೌನ್‌ಲೋಡ್ಸ್ ಫೋಲ್ಡರ್ ಖಾಲಿ ಮಾಡಿದ ದಿನ ಪುಟದಲ್ಲಿ ಫೋಟೋ ಮಾಯ. ಶುರುವಿನಲ್ಲೇ ಒಂದು ಕೆಲಸಕ್ಕೆ ಒಂದು ಫೋಲ್ಡರ್ ಮಾಡಿಸಿ, ಬರಹ, ಫೋಟೋ, ಫಾಂಟ್ ಎಲ್ಲ ಅದರೊಳಗೆ. ಮರೆತಿದ್ದರೆ ಫೈಲ್ ಮೆನುವಿನ ಕಲೆಕ್ಟ್ ಫಾರ್ ಔಟ್‌ಪುಟ್ ಎಲ್ಲವನ್ನೂ ಒಂದೆಡೆ ಒಟ್ಟು ಮಾಡಿ ಕೊಡುತ್ತದೆ.

ಪ್ರೆಸ್‌ಗೆ ಹೋಗುವ ಫೈಲ್

ಪ್ರೆಸ್‌ನವರ ಹತ್ತಿರ ಸ್ಕ್ರೈಬಸ್ ಇರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಪಿಡಿಎಫ್ ಕೊಡಬೇಕು. ಎಕ್ಸ್‌ಪೋರ್ಟ್ ಮಾಡಲು ಹೋದಾಗ ತಪ್ಪುಗಳಿದ್ದರೆ ಪಟ್ಟಿ ತೋರಿಸುತ್ತದೆ. ಹೊಸಬರು ಅದನ್ನು ಮುಚ್ಚಿ ಮುಂದೆ ಹೋಗುತ್ತಾರೆ. ಬಿಡಬೇಡಿ, ಒಂದೊಂದನ್ನೂ ಜೋರಾಗಿ ಓದಿಸಿ. ಹೊರಬಿದ್ದ ಸಾಲು, ಪಿಕ್ಸೆಲ್ ಕಮ್ಮಿ ಇರುವ ಫೋಟೋ ಎಲ್ಲ ಅಲ್ಲಿ ಸಿಗುತ್ತವೆ. ಔಟ್‌ಪುಟ್ ಪ್ರಿಂಟರ್‌ಗೆ ಅಂತ ಇರಲಿ. ಬ್ಲೀಡ್ ಸೇರಿಸಿ, ಕತ್ತರಿಸುವ ಗುರುತು ಹಾಕಿಸಿ.

ನಮ್ಮ ಕಡೆಯ ಬಹಳ ಪ್ರೆಸ್‌ಗಳಲ್ಲಿ ಪಿಡಿಎಫ್ ಅನ್ನು ಕೋರಲ್ ಡ್ರಾ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ತೆರೆಯುತ್ತಾರೆ. ಅಲ್ಲಿ ಕನ್ನಡ ಒಡೆಯುವ ಸಂಭವ ಇದೆ. ಅದಕ್ಕೆ ಎಕ್ಸ್‌ಪೋರ್ಟ್ ಕಿಟಕಿಯ ಫಾಂಟ್ಸ್ ವಿಭಾಗದಲ್ಲಿ ಎಲ್ಲವನ್ನೂ ಔಟ್‌ಲೈನ್ ಮಾಡಿ ಇನ್ನೊಂದು ಪಿಡಿಎಫ್ ಕೂಡ ಮಾಡಿಕೊಳ್ಳಿ. ಅಕ್ಷರಗಳು ಚಿತ್ರದ ಗೆರೆಗಳಾಗುತ್ತವೆ, ಒಡೆಯುವ ಮಾತೇ ಇಲ್ಲ. ತಿದ್ದಲೂ ಆಗುವುದಿಲ್ಲ, ಹಾಗಾಗಿ ಮೂಲ ಫೈಲ್ ಜೋಪಾನ.

ಕಳಿಸುವ ಮೊದಲು ಒಂದು ಪ್ರೂಫ್ ಕಾಗದದ ಮೇಲೆ ಬರಲೇಬೇಕು, ನೂರು ಪ್ರತಿಶತ ಅಳತೆಯಲ್ಲಿ. ಫಿಟ್ ಟು ಪೇಜ್ ಅಂತ ಇದ್ದರೆ ತೆಗೆಸಿ. ಬಂದ ಹಾಳೆಯನ್ನು ಮೊದಲ ದಿನದ ಸ್ಕೇಲಿನಿಂದ ಅಳೆದು, ಕತ್ತರಿಯಲ್ಲಿ ಗುರುತಿನ ಮೇಲೆ ಕತ್ತರಿಸಲಿ. ಯಾರದಾದರೂ ಕೈ ಅಲುಗಿ ಒಂದು ಮಿಲಿಮೀಟರ್ ಹೊರಗೆ ಹೋಗುತ್ತದೆ. ಬ್ಲೀಡ್ ಇಟ್ಟವರಿಗೆ ಅಲ್ಲೂ ಬಣ್ಣ ಇದೆ. ಇಡದೆ ಬಿಟ್ಟವರಿಗೆ ಬಿಳಿ ಗೀಟು. 3 ಮಿಲಿಮೀಟರ್ ಯಾಕೆ ಅಂತ ಈಗ ಹೇಳಿ.

ಪ್ರೂಫ್ ಓದುವುದನ್ನು ಮಾಡಿದವರಿಗೇ ಕೊಡಬೇಡಿ, ಅದಲುಬದಲು ಮಾಡಿ. ತಾರೀಕು ಮತ್ತು ವಾರ ಹೊಂದುತ್ತವಾ ಅಂತ ಕ್ಯಾಲೆಂಡರ್ ಹಿಡಿದು ನೋಡಲಿ. ಫೋನ್ ನಂಬರನ್ನು ನಿಜವಾಗಿ ಡಯಲ್ ಮಾಡಿಸಿ. ಹಪ್ಪಳದ ಲೇಬಲ್ಲಿನಲ್ಲಿ ಒಂದು ಅಂಕಿ ತಪ್ಪಿದ್ದು ಹಾಗೇ ಸಿಕ್ಕಿದ್ದು. ಫೋನ್ ಎತ್ತಿದವರು ಕುಮಟಾದ ಯಾರೋ.

ಪ್ರೆಸ್‌ಗೆ ಕರೆದುಕೊಂಡು ಹೋಗುವುದಾದರೆ ಕಾಲ ನೋಡಿ ಹೋಗಿ. ಏಪ್ರಿಲ್, ಮೇನಲ್ಲಿ ಮದುವೆ ಸೀಸನ್. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆ ವರ್ಷ ಜಾತ್ರೆಯ ಮುಂಚೆ ಅವರಿಗೆ ಚಹಾ ಕುಡಿಯಲೂ ಪುರುಸೊತ್ತಿಲ್ಲ. ಜುಲೈ ಒಳ್ಳೆಯದು, ಕೆಲಸ ಕಮ್ಮಿ, ನಿಂತು ಮಾತಾಡುತ್ತಾರೆ, ಪ್ಲೇಟ್ ತೋರಿಸುತ್ತಾರೆ. ಒಂದೇ ತೊಂದರೆ, ಆಗ ಕಾಗದ ತೇವ ಹಿಡಿದು ಅಂಚು ಸುರುಳಿ ಆಗುತ್ತದೆ, ಯಂತ್ರದಲ್ಲಿ ಎರಡೆರಡು ಹಾಳೆ ಒಟ್ಟಿಗೆ ಹೋಗುತ್ತವೆ. ಹುಡುಗರು ಅದನ್ನೂ ನೋಡಲಿ. ಲ್ಯಾಪ್‌ಟಾಪ್ ಮಾತ್ರ ಮನೆಯಲ್ಲೇ ಬಿಟ್ಟು, ಪಿಡಿಎಫ್ ಎರಡು ಪೆನ್‌ಡ್ರೈವ್‌ನಲ್ಲಿ ಹಾಕಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಕೊಂಡು ಹೋಗಿ.